ನಾಲ್ಕನೇ ಜ್ವರ ಎದ್ದ ಐದನೇ ದಿನ

ನಮ್ಮ ಚರ್ಚಿನ ಸಭೇಲಿ ಸಾಕ್ಷಿ ಹೇಳೋಕೆ ಯಾರಾದ್ರೂ ಎದ್ದು ನಿಂತ್ರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಎಲ್ಲರಿಗೂ ಮೊದ್ಲೇ ಗೊತ್ತಿರುತ್ತೆ, ಕಾಯಿಲೆ ವಾಸಿ ಆಯ್ತು, ಮಗನಿಗೆ ಕೆಲ್ಸ ಸಿಕ್ತು, ಬೋರಲ್ಲಿ ನೀರು ಬಿತ್ತು, ದೇವರಿಗೆ ಸ್ತೋತ್ರ. ಅವೆಲ್ಲಾ ನಿಜವಾದ ಸಾಕ್ಷಿಗಳೇ, ನಾನೂ ಹೇಳಿದ್ದೀನಿ. ಆದ್ರೆ ಬೆಳೆ ಹೋಯ್ತು, ಮತ್ತೆ ವಾಪಸ್ ಬರ್ಲಿಲ್ಲ ಅನ್ನೋ ಸಾಕ್ಷಿನ ಯಾರೂ ಎದ್ದು ಹೇಳಿದ್ದು ನಾನು ನೋಡಿಲ್ಲ. ನನ್ನ ಹತ್ರ ಇರೋದು ಅದು. ದೇವರು ಸಾರ್ವಭೌಮನು ಅನ್ನೋ ಮಾತು ಹುಟ್ಟಿದಾಗಿಂದ ಕಿವಿ ಮೇಲೆ ಬಿದ್ದಿದ್ರೂ ನನಗೆ ಅದು ಅರ್ಥ ಆಗಿದ್ದು ಹೋದ ಆಷಾಢದಲ್ಲಿ, ನಮ್ಮ ರೇಷ್ಮೆ ಹುಳದ ಮನೇಲಿ, ಅದಕ್ಕೇ ಬರೀತಿದ್ದೀನಿ.

ನಾವು ಹುಳ ಸಾಕೋರು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗೋ ರೋಡಿಂದ ಸ್ವಲ್ಪ ಒಳಗೆ ನಮ್ಮೂರು. ಎರಡು ಎಕರೆ ಜಮೀನು, ಅದ್ರಲ್ಲಿ ಒಂದೂಕಾಲು ಎಕರೆ ಹುಳಕ್ಕೆ ಹಾಕೋ ಸೊಪ್ಪಿಗೆ ವಿ-1 ತಳಿ ಹಿಪ್ಪುನೇರಳೆ, ಮಿಕ್ಕಿದ್ರಲ್ಲಿ ರಾಗಿ, ಜೊತೆಗೆ ಎರಡು ಸೀಮೆ ಹಸು. ಸಿಲ್ಕು ಮಿಲ್ಕು ಅಂತಾರಲ್ಲ ಈ ಕಡೆ, ಅಷ್ಟೇ ನಮ್ಮ ಬದುಕು. ನದಿ ಅನ್ನೋದಿಲ್ಲ, ನಂದಿ ಬೆಟ್ಟದ ಸುತ್ತಮುತ್ತ ಅರ್ಕಾವತಿ, ಪಿನಾಕಿನಿ ಎಲ್ಲಾ ಹುಟ್ಟುತ್ತೆ ಅಂತ ಸ್ಕೂಲಲ್ಲಿ ಓದಿದ್ವಿ ಆದ್ರೆ ಹುಟ್ಟಿದ ಊರಿಗೆ ನೀರು ಕೊಡಲ್ಲ ಅವು, ಸಾವಿರ ಅಡಿ ಕೆಳಗಿಂದ ಬೋರ್ ಎಳೆದು ಕೊಟ್ಟಷ್ಟೇ ನೀರು. ಈಗ ಬೆಂಗಳೂರಿಂದ ಶುದ್ಧ ಮಾಡಿದ ನೀರು ಹೆಬ್ಬಾಳ ನಾಗವಾರದ ಕಡೆಯಿಂದ ಪೈಪಲ್ಲಿ ಬಂದು ಕಂದವಾರ ಕೆರೆ ತುಂಬಿದ್ಮೇಲೆ ಸ್ವಲ್ಪ ಉಸಿರಾಡ್ತಿದ್ದೀವಿ. ನಮ್ಮನೆಯವ್ರ ತಾತನ ಕಾಲಕ್ಕೆ ಲಂಡನ್ ಮಿಷನ್‌ನವರ ಮೂಲಕ ಕುಟುಂಬ ವಿಶ್ವಾಸಕ್ಕೆ ಬಂದಿದ್ದು, ಆಮೇಲೆ 1947ರಲ್ಲಿ ಸಿ.ಎಸ್.ಐ., ಅಂದ್ರೆ ದಕ್ಷಿಣ ಭಾರತ ಸಭೆ, ಆಯ್ತಲ್ಲ, ಅವಾಗಿಂದ ಸಿ.ಎಸ್.ಐ. ಸಭೆ.

ಹುಳ ಸಾಕದೇ ಇರೋರಿಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಮೊಟ್ಟೆ ಒಡೆದಾಗಿಂದ ಗೂಡು ಕಟ್ಟೋವರೆಗೆ ಸುಮಾರು 26 ದಿನದ ಕೆಲ್ಸ. ಮೊದಲ ಎರಡು ಜ್ವರ ಮರಿಹುಳ ಸಾಕಿ ಕೊಡೋ ಚಾಕಿ ಸೆಂಟರಲ್ಲೇ ಆಗುತ್ತೆ, ಆಮೇಲೆ ನಾವು ತರ್ತೀವಿ. ಜ್ವರ ಅಂದ್ರೆ ಕಾಯಿಲೆ ಅಲ್ಲ, ಹುಳ ಚರ್ಮ ಬಿಡೋ ಟೈಮು, ನಾಲ್ಕು ಸಲ ಬಿಡುತ್ತೆ. ಆವಾಗ ತಿನ್ನಲ್ಲ, ಅಲುಗಾಡಲ್ಲ, ತಲೆ ಮೇಲಕ್ಕೆ ಎತ್ಕೊಂಡು ಹಾಗೇ ನಿಂತಿರುತ್ತೆ. ನಮ್ಮ ಮಗಳು ಚಿಕ್ಕವಳಿದ್ದಾಗ ಹುಳ ಪ್ರಾರ್ಥನೆ ಮಾಡ್ತಿದೆ ಶಬ್ದ ಮಾಡ್ಬೇಡಿ ಅಂತ ಎಲ್ಲರನ್ನೂ ಹೊರಗೆ ಕಳಿಸ್ತಿದ್ಲು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ಏಳೆಂಟು ದಿನ ತಿನ್ನುತ್ತೆ ನೋಡಿ, ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಒಂದು ವಾರದಲ್ಲೇ. ಹಗಲೂ ರಾತ್ರಿ ಸೊಪ್ಪು, ಸೊಪ್ಪು, ಸೊಪ್ಪು. ಹುಳದ ಮನೆ ಬಾಗ್ಲು ತೆಗೆದ್ರೆ ಸೋನೆ ಮಳೆ ಬೀಳ್ತಿದೆಯೇನೋ ಅನ್ನೋ ಹಾಗೆ ಸದ್ದು ಬರುತ್ತೆ. ಆಮೇಲೆ ಹಣ್ಣಾಗುತ್ತೆ, ಗೂಡು ಕಟ್ಟೋಕೆ ಅಂತ ಇರೋ ತಟ್ಟೆ, ಚಂದ್ರಿಕೆ ಅಂತೀವಿ, ಅದಕ್ಕೆ ಬಿಡ್ತೀವಿ, ಗೂಡು ಕಟ್ಟುತ್ತೆ.

ಆ ಸಲ ತಂದಿದ್ದು 200 ಮೊಟ್ಟೆ. ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲಾ ಸೇರಿ, ನಾನೂರು ಐನೂರು ಹುಳ ಆಗುತ್ತೆ, ಹಾಗಾಗಿ ಹತ್ತಿರ ಹತ್ತಿರ 90 ಸಾವಿರ ಜೀವ ನಮ್ಮ ಮನೇಲಿ. 140 ಕೆಜಿ ಗೂಡು ಆಗುತ್ತೆ ಅಂತ ಲೆಕ್ಕ, ಕೆಜಿಗೆ 500 ಸಿಕ್ಕಿದ್ರೂ 70 ಸಾವಿರ. ಅದು ಮನೇಗೆ ಬರೋಕೆ ಮುಂಚೇನೇ ಖರ್ಚಾಗಿ ಹೋಗಿತ್ತು, ಮಗಳ ಕಾಲೇಜು ಫೀಸು, ಸೊಸೈಟೀಲಿ ಇಟ್ಟಿದ್ದ ನನ್ನ ಎರಡು ಬಳೆ, ಮಳೆಗಾಲಕ್ಕೆ ಮುಂಚೆ ಮಾಡ್ಸಿದ ಹುಳದ ಮನೆ ಶೀಟು. ಹುಳ ಬಹಳ ಚೆನ್ನಾಗಿ ಬಂದಿತ್ತು. ಮೂರನೇ ಜ್ವರ, ನಾಲ್ಕನೇ ಜ್ವರ ಎಲ್ಲಾ ಒಟ್ಟಿಗೇ ಕೂತು ಒಟ್ಟಿಗೇ ಎದ್ವು, ಹಾಲುತೊಂಡೆ ರೋಗ ಇಲ್ಲ, ಸಪ್ಪೆ ರೋಗ ಇಲ್ಲ, ಪಕ್ಕದೂರಿಂದ ನೋಡೋಕೆ ಬಂದೋರು ಕೂಡ ಬೆರಳು ಗಾತ್ರ ಇದೆಯಲ್ಲಮ್ಮಾ ಅಂತ ಹೇಳಿ ಹೋದ್ರು.

ಐದನೇ ದಿನ ಸಾಯಂಕಾಲ. ಮಧ್ಯದ ಸಾಲುಗಳ ಸೊಪ್ಪು ಮುಗೀತಾ ಬಂದಿತ್ತು, ನಮ್ಮನೆಯವ್ರು ಇವತ್ತು ಯಾವ ಕಡೆ ಕೊಯ್ಯಲಿ ಅಂದ್ರು, ನಾನು ಪಡುವಣ ಬದು ಕಡೆ ನಾಲ್ಕು ಸಾಲು ಇದೆಯಲ್ಲ ಅದನ್ನ ಕೊಯ್ಯಿ ಅಂದೆ. ನಾನೇ ಹೇಳಿದ್ದು. ಆ ಬದು ಆಚೆ ಇನ್ನೊಬ್ರ ಟೊಮೇಟೊ ತೋಟ. ಅವತ್ತು ಮಧ್ಯಾಹ್ನ ಅವ್ರು ಔಷಧಿ ಹೊಡೆದಿದ್ರು, ನಮಗೆ ಗೊತ್ತಿಲ್ಲ, ಅವ್ರು ಹೇಳಿಲ್ಲ, ಆಷಾಢದ ಗಾಳಿ ನಂದಿ ಕಡೆಯಿಂದ ಬೀಸಿದ್ರೆ ಅಲ್ಲಿಂದು ನೇರ ನಮ್ಮ ಸೊಪ್ಪಿನ ಮೇಲೇ ಬರುತ್ತೆ. ಹೊರೆ ತಂದು ಒದ್ದೆ ಗೋಣಿ ಮುಚ್ಚಿಟ್ರು. ರಾತ್ರಿ ಒಂಬತ್ತಕ್ಕೆ ಗೋಣಿ ತೆಗೆದಾಗ ನನ್ನ ಮೂಗಿಗೆ ಏನೋ ಒಂದು ಥರ ವಾಸನೆ ಬಡೀತು. ಒಂದು ನಿಮಿಷ ನಿಂತೆ. ಗೋಣಿ ಹಳೇದು, ಅದ್ರ ವಾಸನೆ ಇರ್ಬೇಕು ಅಂದ್ಕೊಂಡೆ. ಸುಸ್ತಾಗಿತ್ತು, ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದೆ, ಸೊಪ್ಪು ಹಾಕ್ದೆ, ಕೈ ತೊಳ್ಕೊಂಡೆ, ಮಲಗ್ದೆ.

ಬೆಳಿಗ್ಗೆ ಬಾಗ್ಲು ತೆಗೆದ್ರೆ ಸದ್ದಿಲ್ಲ.

ಆ ನಿಶ್ಶಬ್ದನ ನಾನು ಹೇಗೆ ಹೇಳ್ಲಿ. ಲೈಟ್ ಹಾಕಿದೆ. ಹುಳ ಎಲ್ಲಾ ತಲೆ ಎತ್ತಿದ್ವು, ಆದ್ರೆ ಜ್ವರದಲ್ಲಿ ನಿಲ್ಲೋ ಥರ ಅಲ್ಲ, ತಲೆ ಆ ಕಡೆ ಈ ಕಡೆ ತೂಗಾಡಿಸ್ತಿದ್ವು, ಬಾಯಿಂದ ಹಸಿರು ನೀರು ಕಾರ್ಕೊಂಡು, ಕೆಲವು ಆಗ್ಲೇ ಮೈ ಕುಗ್ಗಿ ಅರ್ಧ ಆಗಿದ್ವು. ಒಂದು ಹುಳ ಕಡ್ಡಿ ತುದೀಲಿ ಹಿಂಗಾಲಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಮುಂದಿನ ಮೈಯೆಲ್ಲಾ ಗಾಳೀಲಿ ಜೋತಾಡಿಸ್ತಿತ್ತು, ನಾನು ಅದನ್ನ ಕೈಗೆ ತಗೊಂಡೆ, ತಣ್ಣಗಿತ್ತು, ಅಂಗೈ ಮೇಲೆ ಒಂದು ಹನಿ ಹಸಿರು ಕಾರಿ ಸುಮ್ಮನಾಯ್ತು. ಅದೇ ಸೊಪ್ಪು. ನಾನೇ ಹಾಕಿದ ಸೊಪ್ಪು.

ರೇಷ್ಮೆ ಇಲಾಖೆಯವ್ರಿಗೆ ಫೋನ್ ಮಾಡಿದ್ವಿ, ಬಂದು ನೋಡಿ ಇದು ರೋಗ ಅಲ್ಲ ಔಷಧಿ ಗಾಳಿ ಅಂದ್ರು. ಮಾಡೋಕೇನೂ ಇರ್ಲಿಲ್ಲ. ಕೆಳಗಿನ ಒಂದು ಅಟ್ಟಣಿಗೆಗೆ ಮಾತ್ರ ಮಧ್ಯಾಹ್ನ ಉಳಿದಿದ್ದ ಒಳಗಿನ ಸಾಲಿನ ಸೊಪ್ಪು ಹಾಕಿದ್ದೆ, ಆ ಹುಳ ಉಳೀತು. ಮಿಕ್ಕಿದ್ದನ್ನೆಲ್ಲಾ ಮಂಕ್ರೀಲಿ ತುಂಬಿ ತೋಟದ ಮೂಲೇಲಿ ಗುಂಡಿ ತೋಡಿ ಹಾಕಿ, ಬ್ಲೀಚಿಂಗ್ ಪೌಡರ್, ಸುಣ್ಣ ಚೆಲ್ಲಿ ಮುಚ್ಚಿದ್ವಿ. ಹನ್ನೊಂದು ಮಂಕ್ರಿ. ನಮ್ಮನೆಯವ್ರು ಒಂದು ಮಾತೂ ಆಡ್ಲಿಲ್ಲ ನನಗೆ, ಅದೇ ನನಗೆ ಇನ್ನೂ ಕಷ್ಟ ಆಯ್ತು.

ಆಮೇಲೆ ಜನ ಬರೋಕೆ ಶುರು ಮಾಡಿದ್ರು. ಬೀದಿ ಹೆಂಗಸ್ರು ಬಂದು ತೆಲುಗಲ್ಲಿ ಏಂ ಚೇಸೇದಮ್ಮಾ, ಏನ್ ಮಾಡೋದಮ್ಮಾ, ಹಣೇಲಿ ಬರ್ದಿದ್ದು ಅಷ್ಟು ಅಂದ್ರು, ಪ್ರೀತಿಯಿಂದಾನೇ ಹೇಳಿದ್ದು, ಒಬ್ಬಾಕೆ ನನ್ನ ಜೊತೆ ಕೂತು ಅತ್ತಳು ಕೂಡ. ನಮ್ಮ ಸಭೆಯ ಒಬ್ರು ಬಂದು ಮನೇಲಿ ಏನಾದ್ರೂ ಒಪ್ಕೊಳ್ಳದೇ ಇರೋ ಪಾಪ ಇದೆಯಾ ಪರೀಕ್ಷೆ ಮಾಡ್ಕೊಳ್ಳಿ ಅಂದ್ರು. ಇನ್ನೊಬ್ರು ಇದ್ರ ಎರಡರಷ್ಟು ದೇವರು ಮುಂದಿನ ಬೆಳೇಲಿ ಕೊಡ್ತಾನೆ ವಿಶ್ವಾಸ ಇಡಿ ಅಂದ್ರು. ಎರಡೂ ಮಾತು ನನ್ನ ಒಳಗೆ ಇಳೀಲಿಲ್ಲ. ಇದೇ ಪ್ರಶ್ನೆನ ಯೇಸುಸ್ವಾಮಿನೇ ಎತ್ತಿದ್ರಲ್ಲ, ಸಿಲೋವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ರಲ್ಲ, ಅವ್ರು ಬೇರೆಯವ್ರಿಗಿಂತ ಜಾಸ್ತಿ ಪಾಪಿಗಳು ಅಂತ ಅಂದ್ಕೊಂಡ್ರಾ, ಅಲ್ಲ ಅಂತ ಸ್ವಾಮಿ ಖಡಾಖಂಡಿತವಾಗಿ ಹೇಳಿದ್ದು ಲೂಕನ ಸುವಾರ್ತೇಲಿ ಇದೆ. ಅದು ಗೊತ್ತಿತ್ತು. ಗೊತ್ತಿದ್ರೂ ರಾತ್ರಿ ಆದ್ರೆ ತಲೇಲಿ ಬೇರೇದೇ ಓಡ್ತಿತ್ತು, ಆ ವಾಸನೆ ಬಂದಾಗ ನಿಲ್ಲಿಸಿದ್ರೆ, ಪಡುವಣ ಬದು ಅನ್ನೋ ಬದ್ಲು ಮೂಡಣ ಬದು ಅಂದಿದ್ರೆ, ಅವತ್ತು ಮಧ್ಯಾಹ್ನ ಡೈರಿಗೆ ಹೋಗದೇ ಮನೇಲಿ ಇದ್ದಿದ್ರೆ ಪಂಪಿನ ಸದ್ದಾದ್ರೂ ಕೇಳಿಸ್ತಿತ್ತು. ಇದ್ದಿದ್ರೆ, ಅಂದಿದ್ರೆ, ಮಾಡಿದ್ರೆ. ಅದಕ್ಕೆ ಕೊನೆ ಇಲ್ಲ, ಬೆಳಗಿನ ಜಾವದವರೆಗೂ ಅದೇ.

ಮೂರು ದಿನ ನಾನು ಪ್ರಾರ್ಥನೆ ಮಾಡ್ಲಿಲ್ಲ. ಕುಟುಂಬ ಪ್ರಾರ್ಥನೇಲಿ ಕೂರ್ತಿದ್ದೆ, ಬಾಯಿ ತೆರೀತಿರ್ಲಿಲ್ಲ. ನಾಲ್ಕನೇ ದಿನ ಹಸುಗೆ ಹುಲ್ಲು ಹಾಕ್ತಾ ಹಾಕ್ತಾ ನನಗೇ ಗೊತ್ತಿಲ್ದೇ ಜೋರಾಗಿ ಬಂದ್ಬಿಡ್ತು, ನೀನು ನೋಡ್ತಾ ಇದ್ದೆ ತಾನೇ, ಆ ಗಾಳಿ ನಿನ್ನದು ತಾನೇ, ಒಂದು ಗಂಟೆ ನಿಲ್ಲಿಸೋಕೆ ನಿನಗೆ ಏನು ಕಷ್ಟ ಇತ್ತು ಅಂತ. ಸಮುದ್ರದಲ್ಲಿ ಗಾಳೀನ ಗದರಿಸಿ ಸುಮ್ಮನಿರಿಸಿದ ಸ್ವಾಮಿಗೆ ನಮ್ಮ ಬದು ಮೇಲಿನ ಗಾಳಿ ದೊಡ್ಡದಾ. ಹೀಗೆ ಕೂಗಾಡಿ ಹಸು ಕೊಟ್ಟಿಗೇಲಿ ಕೂತು ಅತ್ತೆ.

ಆಮೇಲೆ ಯೋಚ್ನೆ ಮಾಡಿದಾಗ ಒಂದು ವಿಷ್ಯ ಹೊಳೀತು, ಇದನ್ನ ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನಾನು ಜಗಳ ಆಡಿದ್ದು ಯಾಕೆ ಅಂದ್ರೆ ಗಾಳಿ ಆತನ ಕೈಯಲ್ಲಿದೆ ಅಂತ ನನಗೆ ಒಳಗೊಳಗೇ ನಂಬಿಕೆ ಇದ್ದಿದ್ದಕ್ಕೇ. ಗಾಳಿ ಸುಮ್ನೆ ಬೀಸಿತು, ಯಾರ ಕೈಯಲ್ಲೂ ಇಲ್ಲ ಅಂತ ಆಗಿದ್ರೆ ನಾನು ಯಾರನ್ನ ಕೇಳ್ಬೇಕಿತ್ತು. ದೂರು ಹೇಳೋಕೆ ಒಂದು ಬಾಗ್ಲು ಇದೆ ಅನ್ನೋದೇ ದೇವರು ಸಾರ್ವಭೌಮನು ಅನ್ನೋದ್ರ ಮೊದಲ ಅರ್ಥ ನನ್ನ ಪಾಲಿಗೆ. ಯೋಬ ಕೂಡ ಕೊಟ್ಟೋನೂ ಆತನೇ ತಗೊಂಡೋನೂ ಆತನೇ ಅಂತ ಮೊದಲ ಅಧ್ಯಾಯದಲ್ಲಿ ಹೇಳಿ ಸುಮ್ಮನಾಗ್ಲಿಲ್ಲ, ಆಮೇಲೆ ಎಷ್ಟು ಅಧ್ಯಾಯ ಕೇಳ್ತಾನೇ ಹೋದ. 13ನೇ ಕೀರ್ತನೆ ಶುರುವಾಗೋದೇ ಇನ್ನೂ ಎಷ್ಟು ದಿನ ಅಂತ ಕೇಳ್ತಾ. ಹಣೆಬರಹ ಅನ್ನೋ ಮಾತು ನನಗೆ ಯಾಕೆ ಸಮಾಧಾನ ಕೊಡ್ಲಿಲ್ಲ ಅನ್ನೋದೂ ಆವಾಗ್ಲೇ ಗೊತ್ತಾಯ್ತು. ಅವರವರ ನಂಬಿಕೆ ಅವರವರಿಗೆ, ನಾನು ಯಾರನ್ನೂ ಆಡ್ಕೊಳ್ತಿಲ್ಲ, ಆದ್ರೆ ನನಗೆ ಬರಹ ಸಾಲಲ್ಲ, ಅಪ್ಪ ಬೇಕು, ಹೋಗಿ ಎದೆ ಮೇಲೆ ಗುದ್ದೋಕಾದ್ರೂ.

ಬುಧವಾರ ಮನೆ ಕೂಟಕ್ಕೆ ಸಭಾಪಾಲಕರು ಬಂದ್ರು, ನಾವು ಅಯ್ಯನವ್ರು ಅಂತೀವಿ. ಅವ್ರು ಪ್ರಸಂಗ ಏನೂ ಮಾಡ್ಲಿಲ್ಲ. ಗುಂಡಿ ಎಲ್ಲಿ ತೋರ್ಸಿ ಅಂದ್ರು, ಹೋಗಿ ನೋಡಿದ್ರು, ಬಂದು ಕಾಫಿ ಕುಡಿದ್ರು. ಆಮೇಲೆ ಜೇಬಿಂದ ಒಂದು ಹಾಳೆ ತೆಗೆದ್ರು, ಕೈಬರಹ. ಜರ್ಮನಿಯ ಹೈಡಲ್‌ಬರ್ಗ್ ಅನ್ನೋ ಊರಲ್ಲಿ 1563ರಲ್ಲಿ ಸಭೆ ಜನಕ್ಕೆ, ಮಕ್ಕಳಿಗೆ ಕಲಿಸೋಕೆ ಅಂತ ಒಂದು ಪ್ರಶ್ನೋತ್ತರ ಮಾಡಿದ್ರಂತೆ, 129 ಪ್ರಶ್ನೆ, ವರ್ಷದ 52 ಭಾನುವಾರಕ್ಕೆ ಹಂಚಿರೋದು. ಅದ್ರಲ್ಲಿ 27ನೇ ಪ್ರಶ್ನೆ ದೇವರ ಪರಾಂಬರಿಕೆ ಅಂದ್ರೆ ಏನು ಅಂತ. ಉತ್ತರನ ಅಯ್ಯನವ್ರು ನಮ್ಮ ಭಾಷೇಲಿ ಬಿಡಿಸಿ ಹೇಳಿದ್ರು, ದೇವರು ಆಕಾಶ ಭೂಮಿನೆಲ್ಲಾ ತನ್ನ ಕೈಯಲ್ಲೇ ಹಿಡ್ಕೊಂಡು ನಡೆಸ್ತಾನೆ, ಸೊಪ್ಪು ಹುಲ್ಲು, ಮಳೆ ಬರ, ಬೆಳೆ ಬಂದ ವರ್ಷ ಬರದ ವರ್ಷ, ಊಟ ನೀರು, ಆರೋಗ್ಯ ಕಾಯಿಲೆ, ಇರೋದು ಇಲ್ಲದೇ ಇರೋದು, ಯಾವುದೂ ಆಕಸ್ಮಿಕವಾಗಿ ಬರಲ್ಲ, ತಂದೆಯ ಕೈಯಿಂದ ಬರುತ್ತೆ ಅಂತ.

ನಾನು ಇನ್ನೊಂದ್ಸಲ ಓದಿ ಅಂದೆ. ಸೊಪ್ಪು ಅಂತ ನಿಜವಾಗ್ಲೂ ಇದೆಯಾ ಇಲ್ಲ ನಮಗೋಸ್ಕರ ನೀವು ಸೇರಿಸಿದ್ರಾ ಅಂತ ಕೇಳ್ದೆ. ಇಲ್ಲಮ್ಮಾ ಇದೆ, ಎಲೆ ಅಂತಾನೇ ಇದೆ, ಪಟ್ಟಿ ಶುರುವಾಗೋದೇ ಅಲ್ಲಿಂದ ಅಂದ್ರು. ನನಗೆ ಮೈ ಜುಂ ಅಂತು. ನಾನೂರು ಚಿಲ್ಲರೆ ವರ್ಷದ ಹಿಂದೆ ಎಲ್ಲೋ ಜರ್ಮನೀಲಿ ಯಾರೋ ಕೂತು ದೇವರ ಕೈಯಿಂದ ಬರೋದ್ರ ಪಟ್ಟಿ ಮಾಡ್ತಾ ರಾಜ್ಯ, ಯುದ್ಧ, ಸಿಂಹಾಸನ ಅಂತ ಶುರು ಮಾಡ್ದೇ ಸೊಪ್ಪಿಂದ ಶುರು ಮಾಡಿದ್ದಾರಲ್ಲ. ನಮ್ಮ ಬಾಯಲ್ಲಿ ದಿನಕ್ಕೆ ನೂರು ಸಲ ಬರೋ ಪದ. ಹಾಗಿದ್ರೆ ಆ ನಾಲ್ಕು ಸಾಲು ಸೊಪ್ಪೂ ಆತನ ಕೈಯಿಂದಾನಾ ಅಂತ ಕೇಳ್ದೆ, ಗಂಟಲು ಕಟ್ತು. ಅಯ್ಯನವ್ರು ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ ಹೌದು ಅಂತ ಹೇಳೋಕೆ ನನಗೂ ಭಯ ಆಗುತ್ತೆ, ಇಲ್ಲ ಅಂತ ಹೇಳೋಕೆ ಇನ್ನೂ ಭಯ ಆಗುತ್ತೆ ಅಂದ್ರು. ಇಲ್ಲ ಅಂದ್ರೆ ಆತನ ಕೈಯಿಂದ ಜಾರಿದ ನಾಲ್ಕು ಸಾಲು ಈ ಪ್ರಪಂಚದಲ್ಲಿ ಇದೆ ಅಂತ ಆಯ್ತು, ಹಾಗಾದ್ರೆ ಐದನೇ ಸಾಲು ಆತನ ಕೈಯಲ್ಲಿದೆ ಅಂತ ಏನು ಗ್ಯಾರಂಟಿ. ಯಾಕೆ ಅಂತ ನನಗೆ ಗೊತ್ತಿಲ್ಲಮ್ಮಾ, ಆದ್ರೆ ಅದು ಶಿಲುಬೇಲಿ ತೂತು ಬಿದ್ದಿರೋ ಕೈ, ಅಷ್ಟು ಮಾತ್ರ ಗೊತ್ತು ಅಂದ್ರು. ಆ ಮಾತು ನನ್ನನ್ನ ಹಿಡ್ಕೊಂಡ್ತು, ಇವತ್ತಿಗೂ ಹಿಡ್ಕೊಂಡಿದೆ.

ಟೊಮೇಟೊ ತೋಟದೋರ ವಿಷ್ಯ ಹೇಳ್ಬೇಕು. ಔಷಧಿ ಹೊಡೆಯೋಕೆ ಮುಂಚೆ ಪಕ್ಕದ ಸೊಪ್ಪಿನ ತೋಟದೋರಿಗೆ ಹೇಳೋದು ನಮ್ಮ ಕಡೆ ಇರೋ ಪದ್ಧತಿ. ಹೇಳ್ಲಿಲ್ಲ, ಗಾಳಿ ನೋಡ್ಲಿಲ್ಲ, ಅದು ತಪ್ಪೇ. ಎಲ್ಲಾ ದೇವರ ಚಿತ್ತ ಅಂದ್ಮೇಲೆ ಅವ್ರದ್ದೇನು ತಪ್ಪು ಬಿಡಿ ಅಂತ ನಮ್ಮವ್ರಲ್ಲೇ ಒಬ್ರು ಅಂದ್ರು, ನನಗೆ ಅದು ಸರಿ ಕಾಣ್ಲಿಲ್ಲ. ಯೋಸೇಫ ತನ್ನ ಅಣ್ಣಂದಿರಿಗೆ ನೀವು ಏನೂ ಮಾಡ್ಲಿಲ್ಲ ಅಂತ ಹೇಳ್ಲಿಲ್ಲ, ನೀವು ಕೇಡು ಮಾಡೋಕೆ ನೋಡಿದ್ರಿ ಅಂತ ಮುಖಕ್ಕೇ ಹೇಳ್ದ, ದೇವರು ಅದನ್ನೇ ಒಳ್ಳೇದಕ್ಕೆ ತಿರುಗಿಸಿದ ಅಂತ ಅದೇ ಉಸಿರಲ್ಲಿ ಹೇಳ್ದ. ಎರಡನ್ನೂ ಹೇಳೋದಿದೆಯಲ್ಲ ಅದು ಬಹಳ ಕಷ್ಟ. ಮೊದಲ ದಿನ ನಮ್ಮನೆಯವ್ರು ಮಚ್ಚು ಹಿಡ್ಕೊಂಡೇ ಹೊರಟಿದ್ರು, ನಾನೂ ಮಗಳೂ ಕಾಲು ಹಿಡ್ಕೊಂಡು ತಡೆದಿದ್ವಿ. ಅಯ್ಯನವ್ರು ಬಂದು ಹೋದ ಮಾರನೇ ದಿನ ಬರಿಗೈಲಿ ಹೋದ್ರು. ಹೋಗಿ ನೇರವಾಗಿ ಹೇಳಿದ್ರಂತೆ, ನೀನು ಹೇಳ್ದೇ ಹೊಡೆದೆ, ನನ್ನ 90 ಸಾವಿರ ಹುಳ ಹೋಯ್ತು, ನನ್ನ ಮಗಳ ಫೀಸು ಹೋಯ್ತು, ಇದು ನಿನಗೆ ಗೊತ್ತಿರ್ಬೇಕು ಅಂತ ಹೇಳೋಕೆ ಬಂದೆ, ನಿನ್ನ ಮೇಲೆ ಹಗೆ ಇಟ್ಕೊಳ್ಳಲ್ಲ ಅಂತ್ಲೂ ಹೇಳೋಕೆ ಬಂದೆ. ಆತ ದುಡ್ಡೇನೂ ಕೊಡ್ಲಿಲ್ಲ, ಕೊಡೋಕೆ ಇರ್ಲಿಲ್ಲ ಕೂಡ, ಆ ವಾರ ಟೊಮೇಟೊ ಕೇಳೋರಿಲ್ದೇ ರೋಡ್ ಬದೀಲಿ ಸುರಿದಿದ್ರು. ತಲೆ ತಗ್ಗಿಸಿ ಕೂತಿದ್ರಂತೆ. ನಮ್ಮನೆಯವ್ರು ಅವ್ರ ಮನೇಲಿ ಟೀ ಕುಡಿದು ಬಂದ್ರು. ನನಗೆ ಕ್ಷಮಿಸೋಕೆ ಇನ್ನೂ ಎರಡು ತಿಂಗಳು ಹಿಡೀತು, ಬದು ಮೇಲೆ ಅವ್ರು ಕಂಡ್ರೆ ಮುಖ ತಿರುಗಿಸ್ತಿದ್ದೆ, ಪ್ರತಿ ಸಲ ಕರ್ತನ ಪ್ರಾರ್ಥನೇಲಿ ನಮಗೆ ತಪ್ಪು ಮಾಡಿದವರನ್ನ ಕ್ಷಮಿಸಿದಂತೆ ಅನ್ನೋ ಜಾಗಕ್ಕೆ ಬಂದಾಗ ನನ್ನ ಬಾಯಿ ಕಟ್ತಿತ್ತು.

ಉಳಿದ ಹುಳದಿಂದ 14 ಕೆಜಿ ಗೂಡಾಯ್ತು. 140 ಅಂದ್ಕೊಂಡಿದ್ದು 14. ಶಿಡ್ಲಘಟ್ಟ ಗೂಡಿನ ಮಾರ್ಕೆಟ್ಟಿಗೆ ನಾನೂ ಜೊತೆಗೆ ಹೋದೆ. ಈಗ ಹರಾಜು ಎಲ್ಲಾ ಆನ್‌ಲೈನ್, ಗೂಡಿಂದ ನೂಲು ತೆಗೆಯೋ ರೀಲರುಗಳು ಮೊಬೈಲಲ್ಲೇ ರೇಟ್ ಹಾಕ್ತಾರೆ, ನಮಗೆ ಒಪ್ಪಿಗೆ ಆದ್ರೆ ಕೊಡೋದು ಇಲ್ಲಾಂದ್ರೆ ಬಿಡೋದು. ಯಾವಾಗ್ಲೂ ನಮ್ಮ ಲಾಟ್ ತಗೊಳ್ಳೋ ಒಬ್ರು ಮುಸ್ಲಿಂ ರೀಲರು, ವಯಸ್ಸಾದೋರು, ಇಷ್ಟು ಚಿಕ್ಕ ಲಾಟ್ ನೋಡಿ ಏನಾಯ್ತಮ್ಮಾ ಅಂತ ಕೇಳಿದ್ರು, ಹೇಳಿದ್ವಿ. ಮುಂದಿನ ಬೆಳೆ ಯಾವಾಗ ಅಂದ್ರು. ಇನ್ನೊಂದು ಒಂದೂವರೆ ತಿಂಗಳಿಗೆ ತರ್ತೀವಿ ಅಂದೆ, ಇನ್ಶಾ ಅಲ್ಲಾ ಅಂತ ಹೇಳಮ್ಮಾ ಅಂದ್ರು. ನಾನು ಕರ್ತನ ಚಿತ್ತವಾದ್ರೆ ಅಂದೆ. ಯಾಕೋಬನ ಪತ್ರಿಕೇಲಿ ಇದೇ ಬರ್ದಿದೆ, ನಾಳೆ ಆ ಊರಿಗೆ ಹೋಗ್ತೀವಿ ವ್ಯಾಪಾರ ಮಾಡ್ತೀವಿ ಲಾಭ ಮಾಡ್ತೀವಿ ಅಂತ ಹೇಳ್ಬೇಡಿ, ಕರ್ತನ ಚಿತ್ತವಾದ್ರೆ ಬದುಕಿರ್ತೀವಿ ಇದನ್ನ ಮಾಡ್ತೀವಿ ಅಂತ ಹೇಳಿ ಅಂತ. ನಮ್ಮಜ್ಜಿ ಪ್ರತಿ ಕಾಗದದ ಕೊನೇಲಿ ಅದನ್ನ ಬರೀತಿದ್ರು, ನಾನು ಅದನ್ನ ಸುಮ್ನೆ ಅಭ್ಯಾಸದ ಮಾತು ಅಂದ್ಕೊಂಡಿದ್ದೆ. ಈಗ ಅದನ್ನ ಹೇಳುವಾಗ 140 ಅಂತ ಲೆಕ್ಕ ಹಾಕಿದ ನನ್ನ ಬಾಯಿ ನೆನಪಾಗುತ್ತೆ.

ಮಗಳ ಫೀಸಿಗೆ ಕೊನೇಗೆ ಒಂದು ಕರು ಮಾರಿದ್ವಿ. ಬಳೆ ಇನ್ನೂ ಸೊಸೈಟೀಲೇ ಇದೆ.

ಅದಾದ್ಮೇಲೆ ನಮ್ಮ ದಿನ ಹೇಗೆ ನಡೀತಿದೆ ಅಂತ ಕೇಳಿದ್ರೆ, ಹೊರಗಿಂದ ನೋಡೋರಿಗೆ ಏನೂ ವ್ಯತ್ಯಾಸ ಕಾಣಲ್ಲ. ನಾಲ್ಕಕ್ಕೇ ಏಳ್ತೀನಿ, ಸೊಪ್ಪೇ ಕೊಯ್ತೀನಿ. ಹುಳದ ಮನೆ ಮೊದ್ಲಿಗಿಂತ ಜಾಸ್ತಿ ಚೊಕ್ಕವಾಗಿ ತೊಳೀತೀನಿ, ಜ್ವರದಲ್ಲಿ ಸುಣ್ಣ ಸರಿಯಾಗಿ ಹೊಡೀತೀನಿ, ಹುಳದ ಮೇಲೆ ಮೊಟ್ಟೆ ಇಟ್ಟು ಸಾಯಿಸೋ ಊಜಿ ನೊಣ ಬರ್ದೇ ಇರೋಕೆ ಕಿಟಕಿಗೆ ಹೊಸ ಬಲೆ ಕಟ್ಟಿದ್ದೀವಿ. ಬದು ಕಡೆ ಸೊಪ್ಪು ಕೊಯ್ದ್ರೆ ಈಗ ಇಲಾಖೆಯವ್ರು ಹೇಳ್ಕೊಟ್ಟ ಹಾಗೆ ಮೊದ್ಲು ಒಂದು ಚಿಕ್ಕ ಮೊರದಲ್ಲಿ ಐವತ್ತು ಹುಳಕ್ಕೆ ಹಾಕಿ, ಕಾದು ನೋಡಿ, ಏನೂ ಆಗ್ಲಿಲ್ಲ ಅಂದ್ರೆ ಮಾತ್ರ ಮಿಕ್ಕ ಹುಳಕ್ಕೆ ಹಾಕ್ತೀನಿ. ತಂಗಿ ಮಗ ಬಂದಿದ್ದ, ಪಿಯುಸಿ ಓದೋ ಹುಡುಗ, ದೊಡ್ಡಮ್ಮಾ ಎಲ್ಲಾ ದೇವರ ಕೈಯಲ್ಲಿದೆ ಅಂತೀಯಾ ಮತ್ತೆ ಈ ಟೆಸ್ಟ್ ಯಾಕೆ ಅಂದ. ಒಳ್ಳೇ ಪ್ರಶ್ನೆ. ನೆಹೆಮೀಯನ ಪುಸ್ತಕ ತೆಗೆದು ತೋರ್ಸಿದೆ, ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳು ಬರ್ತಾರೆ ಅಂತ ಗೊತ್ತಾದಾಗ ಅವ್ರು ಪ್ರಾರ್ಥನೆ ಮಾಡಿದ್ರು, ಹಗಲೂ ರಾತ್ರಿ ಕಾವಲೂ ಇಟ್ರು, ಎರಡೂ ಒಂದೇ ವಾಕ್ಯದಲ್ಲಿದೆ. ಫಲ ಕೊಡೋನು ಆತನೇ, ಆದ್ರೆ ಮೊರ ಹಿಡ್ಕೊಳ್ಳೋಕೆ ನನಗೆ ಕೈ ಕೊಟ್ಟೋನೂ ಆತನೇ ತಾನೇ ಕಂದಾ ಅಂದೆ.

ಬದಲಾಗಿರೋದು ರಾತ್ರಿ. ಮೊದ್ಲು ಹುಳ ಇರೋ ಅಷ್ಟೂ ದಿನ ಹನ್ನೆರಡಕ್ಕೊಮ್ಮೆ ಎರಡಕ್ಕೊಮ್ಮೆ ಎದ್ದು ಟಾರ್ಚ್ ಹಿಡ್ಕೊಂಡು ಹೋಗಿ ನೋಡ್ತಿದ್ದೆ, ನಾನು ನೋಡಿದ್ರೆ ಹುಳ ಬದುಕುತ್ತೆ ನೋಡ್ಲಿಲ್ಲ ಅಂದ್ರೆ ಸಾಯುತ್ತೆ ಅನ್ನೋ ಹಾಗೆ. ಬೆಳೆ ಹೋದ್ಮೇಲೆ ಅದು ಇನ್ನೂ ಜಾಸ್ತಿ ಆಗ್ಬೇಕಿತ್ತು. ಮುಂದಿನ ಬೆಳೇಲಿ ಮೊದಲ ವಾರ ಹಾಗೇ ಆಯ್ತು ಕೂಡ, ಸೊಪ್ಪು ಮೂಸಿ ಮೂಸಿ ತಲೆನೋವು ಬಂದು, ಒಂದಿನ ಹಾಕಿದ ಸೊಪ್ಪನ್ನೇ ಮತ್ತೆ ತೆಗೆದ್ಬಿಟ್ಟೆ, ಹುಳ ಉಪವಾಸ ಇತ್ತು. ನಮ್ಮನೆಯವ್ರು ಬಂದು ನನ್ನ ಕೈ ಹಿಡ್ಕೊಂಡು, ಟೆಸ್ಟ್ ಮಾಡ್ದೆ ಅಲ್ವಾ, ಪ್ರಾರ್ಥನೆ ಮಾಡ್ದೆ ಅಲ್ವಾ, ಇನ್ನು ನಿದ್ದೆ ಮಾಡದೇ ಇರೋ ದೇವರಿದ್ದಾನೆ, ನೀನು ಮಲಗು ಅಂದ್ರು. 121ನೇ ಕೀರ್ತನೆ, ಇಸ್ರಾಯೇಲರನ್ನ ಕಾಯೋನು ತೂಕಡಿಸಲ್ಲ ನಿದ್ರಿಸಲ್ಲ. ಚಿಕ್ಕಂದಿನಿಂದ ಬಾಯಿಪಾಠ. ಅವತ್ತು ಮಲಗ್ದೆ. ಒಂದೇ ರಾತ್ರೀಲಿ ಎಲ್ಲಾ ಸರಿ ಹೋಯ್ತು ಅಂತ ಹೇಳಲ್ಲ, ಕೆಲವು ಸಲ ಈಗ್ಲೂ ಎದ್ದು ಬಾಗ್ಲವರೆಗೂ ಹೋಗಿ ಸದ್ದು ಕೇಳಿಸ್ಕೊಂಡು ಬರ್ತೀನಿ. ಆದ್ರೆ ಆ ಇದ್ದಿದ್ರೆ ಅಂದಿದ್ರೆ ಅನ್ನೋ ಚಕ್ರ ನಿಂತಿದೆ. ವಾಸನೆ ಬಂದಾಗ ನಿಲ್ಲಿಸ್ಬೇಕಿತ್ತು, ಅದು ನನ್ನ ತಪ್ಪು, ಒಪ್ಕೊಂಡಿದ್ದೀನಿ. ಆದ್ರೆ ನನ್ನ ಒಂದು ಸುಸ್ತಿನ ರಾತ್ರಿ ನನ್ನ ಮನೆಯ ಮುಂದಿನ ದಿನಗಳನ್ನೆಲ್ಲಾ ಬರೆಯೋ ಅಷ್ಟು ದೊಡ್ಡದಲ್ಲ, ಅದ್ರ ಮೇಲೆ ಇನ್ನೊಂದು ಕೈ ಇದೆ.

ಸುಗ್ಗಿ ಹಬ್ಬದ ದಿನ ಸಭೆಗೆ ಎಲ್ಲರೂ ಬೆಳೆದಿದ್ದು ತರ್ತಾರೆ, ರಾಗಿ, ಕುಂಬಳಕಾಯಿ, ಕೋಳಿ, ಬಾಳೆಗೊನೆ, ಆರಾಧನೆ ಆದ್ಮೇಲೆ ಹರಾಜು ಮಾಡ್ತಾರೆ. ನಾನು ಏನು ತಗೊಂಡು ಹೋಗ್ಲಿ ಅಂತ ಯೋಚ್ನೆ ಮಾಡಿ, ಆ 14 ಕೆಜೀಲಿ ಒಂದು ಹಿಡಿ ಗೂಡು ಎತ್ತಿಟ್ಟಿದ್ದೆ, ಅದನ್ನ ಹೊಸ ಮೊರದಲ್ಲಿ ಹಾಕ್ಕೊಂಡು ಹೋದೆ. ಅವತ್ತು ಪಾಠ ಹಬಕ್ಕೂಕನ ಮೂರನೇ ಅಧ್ಯಾಯ, ಅಂಜೂರದ ಮರ ಚಿಗುರದೇ ಹೋದ್ರೂ, ದ್ರಾಕ್ಷಿ ಹಣ್ಣು ಬಿಡದೇ ಹೋದ್ರೂ, ಕೊಟ್ಟಿಗೇಲಿ ದನ ಇಲ್ದೇ ಹೋದ್ರೂ ನಾನು ಯೆಹೋವನಲ್ಲಿ ಸಂತೋಷಪಡ್ತೀನಿ ಅನ್ನೋದು. ನನ್ನ ಮಗಳು ಪಕ್ಕದಲ್ಲಿ ಕೂತು ಕಿವೀಲಿ, ಅಮ್ಮಾ ಅಂಜೂರ ಹಿಪ್ಪುನೇರಳೆ ಎರಡೂ ಒಂದೇ ಕುಟುಂಬದ ಗಿಡ, ನಮ್ಮ ಬಯಾಲಜೀಲಿ ಇದೆ ಅಂದ್ಲು. ನನಗೆ ಕಣ್ಣೀರು ತಡೆಯೋಕಾಗ್ಲಿಲ್ಲ. ಸಂತೋಷ ಅಂತ ಹೇಳೋಕಾಗಲ್ಲ ಅದನ್ನ, ಸಂತೋಷಪಡ್ತೀನಿ ಅಂತ ಹಬಕ್ಕೂಕ ಹೇಳಿದ್ದನ್ನ ಅವನ ಹಿಂದೆ ನಿಂತ್ಕೊಂಡು ಮೆಲ್ಲಗೆ ಹೇಳಿದ ಹಾಗೆ ಇತ್ತು. ನನ್ನ ಮೊರನ ಒಬ್ರು ತಾತ 300 ರೂಪಾಯಿಗೆ ಕೂಗಿ ತಗೊಂಡ್ರು, ಗೂಡಿಂದ ಅವ್ರಿಗೆ ಏನೂ ಉಪಯೋಗ ಇಲ್ಲ, ಮನೇಲಿ ಬೈಬಲ್ ಪಕ್ಕ ಒಂದು ಲೋಟದಲ್ಲಿ ಹಾಕಿಟ್ಟಿದ್ದಾರೆ, ಹೋದಾಗ ನೋಡಿದೆ.

ಅದಾದ್ಮೇಲೆ ಎರಡು ಬೆಳೆ ತೆಗೆದ್ವಿ. ಒಂದು ಚೆನ್ನಾಗಿ ಬಂತು, ಇನ್ನೊಂದು ಸಾಧಾರಣ. ಎರಡರಷ್ಟು ಏನೂ ಬರ್ಲಿಲ್ಲ. ಚೆನ್ನಾಗಿ ಬಂದಾಗ ಕೃತಜ್ಞತೆ ಹೇಳೋದು ಹೇಗೆ ಅಂತ ಮೊದ್ಲಿಗಿಂತ ಚೆನ್ನಾಗಿ ಗೊತ್ತಾಗಿದೆ, ಮೊದ್ಲೆಲ್ಲಾ ಒಳ್ಳೇ ಬೆಳೆ ಅಂದ್ರೆ ನಾನು ದುಡಿದಿದ್ದಕ್ಕೆ ಬಂದ ಕೂಲಿ ಅನ್ನೋ ಹಾಗೆ ಎಣಿಸಿ ಎತ್ತಿಡ್ತಿದ್ದೆ, ಈಗ ಪ್ರತಿ ಮಂಕ್ರಿ ಗೂಡು ಹೊರಗೆ ಬರುವಾಗ ಒಂದು ಕ್ಷಣ ಕೈ ನಿಲ್ಲುತ್ತೆ.

ಈಗ ಇರೋದು ಮತ್ತೆ 200 ಮೊಟ್ಟೆ. ನಾಲ್ಕನೇ ಜ್ವರ ಎದ್ದು ಇವತ್ತಿಗೆ ಮೂರು ದಿನ. ಇದನ್ನ ಬರೀತಿರೋವಾಗ್ಲೇ ಟೊಮೇಟೊ ತೋಟದೋರು ಫೋನ್ ಮಾಡಿದ್ರು, ಅಕ್ಕಾ ನಾಳೆ ಬೆಳಿಗ್ಗೆ ಔಷಧಿ ಹೊಡೀಬೇಕು, ಬದು ಕಡೆ ಸೊಪ್ಪು ಬೇಕಿದ್ರೆ ಇವತ್ತೇ ಕೊಯ್ಕೊಂಡ್ಬಿಡಿ, ನಾನೂ ಬರ್ತೀನಿ ಕೊಯ್ಯೋಕೆ ಅಂದ್ರು. ನಮ್ಮನೆಯವ್ರು ಆಗ್ಲೇ ಕುಡುಗೋಲು ಹಗ್ಗ ತಗೊಂಡು ಹೋದ್ರು, ಮೋಡ ಕಟ್ಟಿದೆ, ಮಳೆ ಬಂದ್ರೆ ಸೊಪ್ಪು ನೆನೆಯುತ್ತೆ, ಮಗಳು ಟಾರ್ಚ್ ಹುಡುಕ್ತಿದ್ದಾಳೆ. ನಾಲ್ಕು ಸಾಲಿದೆ, ಮೂರೂ ಜನ ಸೇರಿದ್ರೆ ಎಂಟೂವರೆ ಒಳಗೆ ಆಗ್ಬಹುದು, ನಾನೂ ಹೊರಟೆ.